ಒಂದು ಮೊರ ತವುಡು

ಗಾಜಿನ ಪೆಟ್ಟಿಗೆಯೊಳಗೆ ಮಣ್ಣಿನ ಹೆಂಗಸೊಬ್ಬಳು ಮೊರ ಚಾಚಿ ನಿಂತಿದ್ದಳು. ಮೊರದಲ್ಲಿ ಅಂಗೈಯಷ್ಟು ದೊಡ್ಡ ಮಗು. ಎದುರಿಗೆ ಇನ್ನೊಬ್ಬಳು, ಉಡಿಯಲ್ಲಿ ಏನನ್ನೋ ತುಂಬಿಕೊಂಡು. ಅವರಿಬ್ಬರ ಮೇಲೆ, ಗಾಜಿನಲ್ಲಿ, ನಮ್ಮ ಮೂವರ ಮುಖಗಳು ತೆಳ್ಳಗೆ ಮೂಡಿದ್ದವು: ತವುಡವ್ವನದು, ನನ್ನದು, ನೆರೆಮನೆಯ ಸಾವಂತ್ರವ್ವನದು. ಎಷ್ಟೋ ವರ್ಷಗಳಾದವು. ಅಕ್ಕಿ ಕೇರಲು ಮೊರ ಎತ್ತಿಕೊಂಡಾಗ ಇಂದಿಗೂ ಆ ಗಾಜು ಕಣ್ಣ ಮುಂದೆ ಬರುತ್ತದೆ.

ಅಂದು ತವುಡವ್ವನಿಗೆ ಎಂಟು ತುಂಬಿತ್ತು. ಶಾಲೆಯ ಮಕ್ಕಳೆಲ್ಲ ವಸ್ತುಸಂಗ್ರಹಾಲಯಕ್ಕೆ ಹೋದ ದಿನ ಅವಳು ಗಂಟಲು ಬಾತು ಮಲಗಿದ್ದಳು. ಹಾಗಾಗಿ ಹುಟ್ಟುಹಬ್ಬಕ್ಕೆ ಹೊಸ ಲಂಗ ಬೇಡ, ಆನೆಯ ಎಲುಬು ತೋರಿಸು ಎಂದು ಹಟ ಹಿಡಿದಿದ್ದಳು. ಬೆಳಿಗ್ಗೆ ಅವಳ ಬಾಯಿಗೆ ಹೋಳಿಗೆಯ ಮೊದಲ ತುತ್ತು ಇಟ್ಟವಳು ಎಂದಿನಂತೆ ಸಾವಂತ್ರವ್ವ. ಆರತಿ ಎತ್ತಿದವಳೂ ಅವಳೇ. ನಾನು ಎಣ್ಣೆಯ ಬಟ್ಟಲು ಹಿಡಿದು ಹಿಂದೆ ನಿಂತಿದ್ದೆ. ಅದೇಕೆ ಹಾಗೆ ಎಂದು ಹುಡುಗಿ ಯಾವತ್ತೂ ಕೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಹುಟ್ಟುಹಬ್ಬ ಹಾಗೇ ನಡೆಯುತ್ತದೆ ಎಂದುಕೊಂಡಿದ್ದಳು.

ಆನೆಯ ಎಲುಬಿನ ಸುತ್ತ ಅವಳು ಓಡಿ ಓಡಿ ದಣಿದಳು. ರಾಜರ ಕತ್ತಿಗಳ ಮುಂದೆ ಸಾವಂತ್ರವ್ವ ಮೂಗು ಮುರಿದು, ಇದಕ್ಕಿಂತ ತನ್ನ ಈಳಿಗೆಮಣೆಯೇ ಚೂಪಾಗಿದೆ ಎಂದು ಕಾವಲುಗಾರನಿಗೆ ಕೇಳುವಂತೆ ಅಂದಳು. ನಕ್ಕುಕೊಂಡೇ ಮೆಟ್ಟಿಲು ಹತ್ತಿದೆವು. ಮೇಲಿನ ಕೋಣೆಯಲ್ಲಿ ಜನರ ಹಳೆಯ ಆಚಾರಗಳನ್ನು ಬೊಂಬೆಗಳಲ್ಲಿ ಮಾಡಿಟ್ಟಿದ್ದರು. ಹೊಸದಾಗಿ ಓದಲು ಕಲಿತ ಜಂಬದಲ್ಲಿ ತವುಡವ್ವ ಪ್ರತಿ ಪೆಟ್ಟಿಗೆಯ ಕೆಳಗಿನ ಬರಹವನ್ನೂ ಗಟ್ಟಿಯಾಗಿ ಓದುತ್ತ ಬಂದಳು. ಈ ಪೆಟ್ಟಿಗೆಯದನ್ನೂ ಓದಿದಳು.

"ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ, ತಾಯಿ ಹೊಸ ಕೂಸನ್ನು ಮೊರದಲ್ಲಿಟ್ಟು, ಮಕ್ಕಳೆಲ್ಲ ಉಳಿದಿರುವ ನೆರೆಯವಳಿಗೆ ತವುಡಿಗೆ ಮಾರುತ್ತಾಳೆ. ಕೂಸಿಗೆ ತವುಡಪ್ಪ ಎಂದೋ..."

ಅಲ್ಲಿಗೆ ನಿಂತಳು. ಮುಂದಿನದನ್ನು ತುಟಿಯಲ್ಲೇ ಓದಿದಳು. ಸಾಕುವವಳು ಹೆತ್ತವಳೇ ಆದರೂ ಆಮೇಲೆ ಕೂಸನ್ನು ತನ್ನದೆಂದು ಹೇಳುವುದಿಲ್ಲ ಎಂದು ಅಲ್ಲಿ ಬರೆದಿತ್ತು.

ಅವಳಿಗಿಂತ ಮೊದಲು ನನಗೆ ಎರಡು ಮಕ್ಕಳು ಹುಟ್ಟಿದ್ದವು. ಒಂದು ತೊಟ್ಟಿಲು ಕಂಡಿತು, ಇನ್ನೊಂದಕ್ಕೆ ಹೆಸರಿಡುವಷ್ಟೂ ಹೊತ್ತು ಸಿಗಲಿಲ್ಲ. ಮೂರನೆಯದು ಹುಟ್ಟಿದಾಗ ಅತ್ತೆ ಮೊರ ತಂದು ನನ್ನ ಕೈಗೆ ಕೊಟ್ಟರು. ನಾಲ್ಕು ಗಂಡುಮಕ್ಕಳನ್ನು ಹೆತ್ತು ನಾಲ್ವರನ್ನೂ ಉಳಿಸಿಕೊಂಡಿದ್ದ ಸಾವಂತ್ರವ್ವ ಉಡಿಯಲ್ಲಿ ತವುಡು ತುಂಬಿಕೊಂಡು ಬಾಗಿಲಿಗೆ ಬಂದಳು. ನಾನು ಇದನ್ನೆಲ್ಲ ನಂಬಿದವಳಲ್ಲ. ನಂಬದೆ ಇರುವ ಧೈರ್ಯವೂ ಇರಲಿಲ್ಲ. ಅಂದಿನಿಂದ 'ನನ್ನ ಮಗಳು' ಎಂಬ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ. ಹಿಂದಿನ ಎರಡನ್ನು ಒಯ್ದದ್ದು ಎಲ್ಲೋ ಕಿವಿಗೊಟ್ಟು ಕೂತಿದೆ ಎನಿಸುತ್ತಿತ್ತು. ಯಾರು ಕೇಳಿದರೂ ಸಾವಂತ್ರವ್ವನ ಮಗಳು ಎಂದು ನಗುತ್ತಿದ್ದೆ, ಹುಡುಗಿಯೂ ನಗುತ್ತಿದ್ದಳು. ಹುಟ್ಟಿದಾಗ ನಿನ್ನ ಕೂದಲು ತವುಡಿನ ಬಣ್ಣಕ್ಕಿತ್ತು, ಅದಕ್ಕೇ ಈ ಹೆಸರು ಎಂದು ಅತ್ತೆ ಅವಳಿಗೆ ಹೇಳಿಟ್ಟಿದ್ದರು.

"ನನಗಿಂತ ಮೊದಲ ಯಾರರ ಇದ್ರೇನು?" ಎಂದು ತವುಡವ್ವ ಕೇಳಿದಳು.

ತಲೆಯಾಡಿಸಿದೆ. ಅವರ ಹೆಸರೇನು ಎಂದಳು. ಒಂದನ್ನು ಹೇಳಿದೆ. ಇನ್ನೊಂದು ಕೇಳಿದಾಗ ಇಲ್ಲ ಎಂದೆ. ಅವಳು ಬಹಳ ಹೊತ್ತು ಮಣ್ಣಿನ ಮಗುವನ್ನೇ ನೋಡಿದಳು.

"ಹಂಗಾದ್ರ ನಾ ಯಾರ ಮಗಳು?"

ಕೇಳಿದ್ದು ನನ್ನನ್ನು. ಗಾಜಿನಲ್ಲಿ ನನ್ನ ತುಟಿ ಬಿಚ್ಚಿದ್ದು ನನಗೇ ಕಂಡಿತು. ಎರಡು ಮಾತು, ಅಷ್ಟೇ. ತುಟಿ ಹಾಗೇ ನಿಂತಿತು. ಗಾಜಿನ ಮೇಲಿದ್ದ ಮೂರು ಮುಖಗಳಲ್ಲಿ ಒಂದು ನನ್ನ ಕಡೆ ತಿರುಗಿ ಕಾಯುತ್ತಿತ್ತು.

ಸಾವಂತ್ರವ್ವ ನನ್ನನ್ನೊಮ್ಮೆ ನೋಡಿ ಅವಳನ್ನು ತನ್ನ ಕಡೆಗೆ ಎಳೆದುಕೊಂಡಳು. "ನನ್ನ ಮಗಳು. ಮೊರದ ತುಂಬ ತವುಡು ಕೊಟ್ಟೀನಿ, ಪುಕ್ಕಟೆ ಏನಲ್ಲ. ಮನ್ಯಾಗಿನ ನಾಲ್ಕು ಕೋಣ ಸಾಕೂದ್ರಾಗ ನಡಾ ಮುರದಿತ್ತು, ಅದಕ್ಕ ಈಕಿ ಕಡೆ ಬಿಟ್ಟೀನಿ."

ತವುಡವ್ವ ನಗಲಿಲ್ಲ. ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿ, "ಹಂಗಾದ್ರ ಇನ್ನ ಮ್ಯಾಲೆ ನನ್ನ ಹೆಳಲ ನೀನ ಹಾಕು. ಈಕಿ ಭಾಳ ಜಗ್ಗತಾಳ," ಎಂದಳು.

ಅದುವರೆಗೆ ಅವಳು ನನ್ನನ್ನು 'ಅವ್ವ' ಎಂದಲ್ಲದೆ 'ಈಕಿ' ಎಂದು ಕರೆದಿರಲಿಲ್ಲ.

ಹೊರಗೆ ಬೇವಿನ ಮರದಡಿ ಬುತ್ತಿ ಬಿಚ್ಚಿದೆ. ನಾನು ಬೆಳಿಗ್ಗೆ ಹೆಣೆದ ಜಡೆಯನ್ನು ಸಾವಂತ್ರವ್ವ ಬಿಚ್ಚಿ ಮತ್ತೆ ಹೆಣೆದಳು. ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು. ಹೋಳಿಗೆಗೆ ತುಪ್ಪ ಹಚ್ಚುತ್ತಿದ್ದ ನನಗೆ ಏನೊಂದೂ ತಿಳಿಯದಾಯಿತು. ನನ್ನ ಮಾನ ಕಾಯ್ದ ಆ ಕೈಗಳ ಮೇಲೆ ಸಿಟ್ಟೇಕೆ ಬರುತ್ತಿದೆ? ಇವಳು ಬದುಕಲಿ ಎಂದೇ ಮಾತು ನುಂಗಿದ್ದೆ. ನುಂಗಿದ್ದರಿಂದಲೇ ಈಗ ಕೈಜಾರುತ್ತಿದ್ದಾಳೆಯೇ? ಹೇಳಿಬಿಟ್ಟರೆ ಏನಾದೀತು? ಏನೂ ಆಗದು ಎಂದು ತಲೆ ಹೇಳುತ್ತಿತ್ತು. ಹೊಟ್ಟೆ ಒಪ್ಪುತ್ತಿರಲಿಲ್ಲ. ಹೆರುವುದು ಇಷ್ಟು ಕಷ್ಟವಾಗಿರಲಿಲ್ಲ. ಕೊನೆಯ ಹೋಳಿಗೆಗೆ ಎರಡು ಸಲ ತುಪ್ಪ ಹಚ್ಚಿದ್ದೆ.

ಸಂಜೆಯ ಬಸ್ಸಿನಲ್ಲಿ ಸಾವಂತ್ರವ್ವ ಕಿಟಕಿಯ ಪಕ್ಕ ಕೂತಳು. ನಮ್ಮಿಬ್ಬರ ನಡುವೆ ಹುಡುಗಿ ನಿದ್ದೆಗೆ ಜಾರಿ, ಒಮ್ಮೆ ಅತ್ತ ವಾಲಿ, ಒಮ್ಮೆ ಇತ್ತ ವಾಲಿ, ಕೊನೆಗೆ ನನ್ನ ತೋಳಿಗೆ ಒರಗಿದಳು. ಕಂಡಕ್ಟರ್ ಬಂದು ನಮ್ಮಿಬ್ಬರಿಗೂ ಬೇರೆ ಬೇರೆ ಟಿಕೇಟು ಹರಿದು ಕೊಟ್ಟ.

"ಈ ಹುಡುಗಿ ಯಾರದು?" ಎಂದು ಕೇಳಿದ.

ನಾನು ಸಾವಂತ್ರವ್ವನ ಕಡೆ ನೋಡಿದೆ. ಜೊತೆಗಿದ್ದಾಗಲೆಲ್ಲ ಅವಳೇ ಉತ್ತರ ಕೊಡುತ್ತಿದ್ದಳು. ಈಗ ಅವಳು ಕೇಳಿಸದವಳಂತೆ ಕಿಟಕಿಯಾಚೆಗೆ ಮುಖ ತಿರುಗಿಸಿಕೊಂಡಿದ್ದಳು. ಕಂಡಕ್ಟರ್ ಪೆನ್ಸಿಲಿನಿಂದ ಸೀಟಿನ ಕಂಬಿ ಕುಟ್ಟಿ, ನಿಮ್ಮನ್ನೇ ಕೇಳುತ್ತಿರುವುದು ಎಂದ.

"ನನ್ನ ಮಗಳು," ಎಂದೆ.

ದನಿ ನನ್ನದೇ ಎನಿಸಲಿಲ್ಲ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅರ್ಧ ಟಿಕೇಟು ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಸಾವಂತ್ರವ್ವ ತಿರುಗಲಿಲ್ಲ. ಹುಡುಗಿ ನಿಜವಾಗಿ ನಿದ್ದೆ ಮಾಡಿದ್ದಳೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಎಲ್ಲೋ ಕಿವಿಗೊಟ್ಟು ಕೂತಿದ್ದದ್ದಕ್ಕೆ ಆ ಮಾತು ಕೇಳಿಸಿತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಮೆಲ್ಲಗೆ ಕೈಯೆತ್ತಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ. ಬೆಚ್ಚಗಿನ ಉಸಿರು ತಾಗಿತು, ಮತ್ತೆ ತಾಗಿತು. ಬಸ್ಸು ಸೇತುವೆ ದಾಟಿತು, ಇಬ್ಬರು ಇಳಿದರು, ಯಾರೋ ಹತ್ತಿದರು. ನಾನು ಬೆರಳು ತೆಗೆಯಲಿಲ್ಲ.