ನೀಲಕ್ಕನಿಲ್ಲದೆ ಹಡಗು ಹತ್ತಿದೆ

ನಾನು ಒಂದು ಸೂಟ್‌ಕೇಸ್. ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಎಳೆದು, ಗಾಳಿ ಹಾಯಿಸಿ ತಣ್ಣಗಾಗಿಸಿದಾಗ ನನಗೆ ಬೆನ್ನು ಬಂತು. ಆಮೇಲೆ ಹೊಟ್ಟೆ ಬಂತು, ನಡುವೆ ಜಿಪ್ ಬಂತು, ಕೆಳಗೆ ನಾಲ್ಕು ಗಾಲಿ ಬಂದವು. ಮೈಬಣ್ಣ ನವಿಲಿನ ಕತ್ತಿನದು. ಕಾರ್ಖಾನೆಯಲ್ಲಿ ನಮ್ಮ ಸಾಲಿನಿಂದ ಒಂದನ್ನು ಎತ್ತಿಕೊಂಡು ಹೋಗಿ ಎತ್ತರದಿಂದ ಕೆಳಕ್ಕೆ ಹಾಕಿದರು. ಒಡೆಯಲಿಲ್ಲ. ಮತ್ತೆ ಹಾಕಿದರು. ಆಗಲೂ ಒಡೆಯಲಿಲ್ಲ. ಎಷ್ಟು ಎಸೆದರೂ ಇದಕ್ಕೆ ಏನೂ ಆಗುವುದಿಲ್ಲ ಎಂಬ ಚೀಟಿಯನ್ನು ನಮ್ಮೆಲ್ಲರ ಹಿಡಿಗೆ ಕಟ್ಟಿ ಲಾರಿ ಹತ್ತಿಸಿದರು.

ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಅಂಗಡಿಯಲ್ಲಿ ನಾನು ನೀಲಕ್ಕನನ್ನು ಮೊದಲು ನೋಡಿದೆ. ಅವಳ ಪೂರ್ತಿ ಹೆಸರು ನೀಲಾಂಬಿಕಾ. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು, ಮದುವೆಯಾಗದವಳು. ಜೊತೆಗೆ ಅವಳ ತಮ್ಮ ಮಹಾಂತೇಶ ಬಂದಿದ್ದ. ಪೈಪು, ನಲ್ಲಿ ಮಾರುವ ದೊಡ್ಡ ಅಂಗಡಿಯ ಮಾಲೀಕ. ಅಪ್ಪ ಸತ್ತಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅವನನ್ನು ಓದಿಸಿ ಒಂದು ದಾರಿಗೆ ಹಚ್ಚುವಷ್ಟರಲ್ಲಿ ನೀಲಕ್ಕನನ್ನು ನೋಡಲು ಗಂಡುಗಳು ಬರುವುದು ನಿಂತುಹೋಗಿತ್ತು. ಈಗ ಅವನ ಮನೆಯಲ್ಲೇ ಇದ್ದಳು, ಅಡುಗೆ ಅವಳದೇ.

ಅವಳು ಬಗ್ಗಿ ನನ್ನ ಗಾಲಿಗಳನ್ನು ತಿರುಗಿಸಿ ನೋಡಿದಳು. "ಗಟ್ಟಿ ಅದಾವಿಲ್ರಿ? ಹಡಗಿನ್ಯಾಗ ಒಯ್ಯೂದದ."

"ಹಡಗು? ಎಲ್ಲಿಗೆ ಹೊಂಟೀರಿ ಟೀಚರ್?" ಅಂಗಡಿಯವನು ಕೇಳಿದ.

"ಎಲ್ಲಿಗೂ ಇಲ್ರಿ. ಮುಂಬೈಯಿಂದ ಸಮುದ್ರದ ನಡುವ ಹೋಗೂದು, ತಿರುಗಿ ಬರೂದು. ಕಾರವಾರದಾಗ ದಂಡಿ ಮ್ಯಾಲ ನಿಂತು ಸಮುದ್ರ ನೋಡೀನಿ. ಯಾಕಡೆ ನೋಡಿದ್ರೂ ದಡ ಕಾಣಬಾರದು, ಹಂಗ ನೋಡಿಲ್ಲ."

ಮಹಾಂತೇಶ ಮೊಬೈಲ್ ನೋಡುತ್ತಿದ್ದ. "ನಿನಗ ಬೇಕಾದ್ದು ತಗೋ ಅಕ್ಕಾ. ಹಡಗಿಗೆ ಹೊಸಾದಽ ಇರಲಿ," ಎಂದ. ಆಗಲೇ ಅವನಿಗೆ ಎಲ್ಲಾ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಹೊರಡುವವರೆಗೂ ನಾನು ನೀಲಕ್ಕನ ಮಂಚದ ಪಕ್ಕ ನಿಂತಿದ್ದೆ. ಓಣಿಯ ಹೆಂಗಸರು ನನ್ನನ್ನು ನೋಡಲು ಬರುತ್ತಿದ್ದರು. ಅವಳ ಜೊತೆ ಕೆಲಸ ಮಾಡಿದ್ದ ಪದ್ಮಾವತಿ ಟೀಚರ್, "ಹಡಗಿನ ಗಾಳಿಗೆ ಸೀರಿ ನಿಲ್ಲಂಗಿಲ್ಲ, ಒಂದು ಚೂಡಿದಾರ ಹೊಲಿಸು," ಎಂದಳು. ನೀಲಕ್ಕ ನಾಚಿದಳು, ಬೈದಳು, ಕಡೆಗೆ ಹೊಲಿಸಿಯೇಬಿಟ್ಟಳು. ಹುಟ್ಟಿದಾರಭ್ಯ ಸೀರೆಯೇ ಉಟ್ಟವಳು ಬಾಗಿಲು ಹಾಕಿಕೊಂಡು ಅದನ್ನು ತೊಟ್ಟು ನೋಡಿದ್ದನ್ನು ನಾನೊಬ್ಬನೇ ಕಂಡೆ. ಆಮೇಲೆ ಅದನ್ನು ಮಡಚಿ ನನ್ನ ತಳಕ್ಕಿಟ್ಟಳು. ಮೇಲೆ ಸೀರೆಗಳು, ಅದರ ಮೇಲೆ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿಯ ಡಬ್ಬಿಗಳು. ಎಲ್ಲರಿಗೂ ಆಗುವಷ್ಟು ಮಾಡಿದ್ದಳು.

ಹಡಗು ಹೊರಡುವ ಹಿಂದಿನ ದಿನವೇ ವಿಮಾನ. ವಿಮಾನ ತಡವಾದರೆ ಹಡಗು ನಮಗಾಗಿ ಕಾಯುವುದಿಲ್ಲ ಎಂದು ಮಹಾಂತೇಶ ಲೆಕ್ಕ ಹಾಕಿದ್ದ. ಅವನ ಹೆಂಡತಿ ಶೈಲಜಾ, ಮಗಳು ಅಪೂರ್ವಾ, ಅಳಿಯ ಕಿರಣ, ಅಪೂರ್ವಾಳ ಆರು ತಿಂಗಳ ಹೆಣ್ಣು ಕೂಸು, ನೀಲಕ್ಕ: ಎಲ್ಲರೂ ಹೊರಟರು. ಹಡಗಿನಿಂದ ಇಳಿದವರೇ ಪುಣೆಯ ಕಿರಣನ ಮನೆಗೆ ಹೋಗಬೇಕಿತ್ತು. ಅಲ್ಲಿ ಕೂಸಿನ ಕಿವಿ ಚುಚ್ಚಿಸುವ ಕಾರ್ಯ.

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತು. ಶೈಲಜಾಳ ಕೆಂಪು ಪೆಟ್ಟಿಗೆಯೇ ಭಾರವಿದ್ದದ್ದು. ಆದರೆ ನೆಲದ ಮೇಲೆ ಕೆಡವಿ ಬಿಚ್ಚಿದ್ದು ನನ್ನನ್ನು. "ಹಡಗಿನ್ಯಾಗ ಊಟಕ್ಕ ಏನ ಕಮ್ಮಿ? ಈ ರೊಟ್ಟಿ ಗಿಟ್ಟಿ ಯಾಕ ಬೇಕ್ರಿ ಅಕ್ಕಾರ?" ಎಂದು ಶೈಲಜಾ ಡಬ್ಬಿಗಳನ್ನು ತೆಗೆದು ಕಸದ ಬುಟ್ಟಿಯ ಪಕ್ಕ ಸಾಲಾಗಿ ಇಟ್ಟಳು. ತಳದಲ್ಲಿದ್ದ ಚೂಡಿದಾರ ಹೊರಬಂತು. ಅಪೂರ್ವಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ನೀಲತ್ತಿ, ಇದನ್ನ ನೀ ಹಾಕ್ಕೋತಿಯೇನ?" ಎಂದು ಕೂಗಿದಳು. ಮನೆಯವರು ನಕ್ಕರು. ಸಾಲಿನಲ್ಲಿ ನಿಂತಿದ್ದ, ಗುರುತಿಲ್ಲದ ಜನರೂ ನಕ್ಕರು. ಬೇರೆ ದಾರಿ ಕಾಣದೆ ನೀಲಕ್ಕನೂ ನಕ್ಕಳು.

ಖಾಲಿಯಾದ ಜಾಗಕ್ಕೆ ಕೂಸಿನ ಹಾಲಿನ ಪುಡಿ, ಬಾಟಲಿ, ಡೈಪರ್ ಕಟ್ಟುಗಳನ್ನು ತುರುಕಿದರು.

"ಮೂರು ದಿನಕ್ಕ ಇಷ್ಟೊಂದು ಹಾಲಿನ ಪುಡಿ ಯಾಕವ್ವಾ? ಕೂಸು ಎದಿಹಾಲು ಕುಡಿತದಲ್ಲ?" ಎಂದಳು ನೀಲಕ್ಕ.

"ಇರಲಿ ಬಿಡ್ರಿ," ಎಂದು ಶೈಲಜಾ ಜಿಪ್ ಎಳೆದಳು.

ವಿಮಾನದ ಹೊಟ್ಟೆಯಲ್ಲಿ ಕತ್ತಲೆ, ಚಳಿ. ಮುಂಬೈಯಲ್ಲಿ ಬೆಲ್ಟಿನ ಮೇಲೆ ಬಂದಾಗ ಶೈಲಜಾಳ ಕೆಂಪು ಪೆಟ್ಟಿಗೆಯ ಎರಡು ಗಾಲಿ ಕಿತ್ತುಹೋಗಿ, ಮೈ ಬಿರುಕುಬಿಟ್ಟಿತ್ತು. ನನಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ನನ್ನ ದುರದೃಷ್ಟ ಶುರುವಾದದ್ದು ಅಲ್ಲಿಂದ.

ಹೋಟೆಲಿನ ಕೋಣೆ ಎತ್ತರದಲ್ಲಿತ್ತು. ಕಟ್ಟಡಗಳ ಸಂದಿನಿಂದ ಒಂದು ತುಂಡು ಸಮುದ್ರ ಕಾಣುತ್ತಿತ್ತು, ಅದರಲ್ಲಿ ಬಿಳಿಯ ಹಡಗು. ನೀಲಕ್ಕ ಕೂಸನ್ನು ಎತ್ತಿಕೊಂಡು ಕಿಟಕಿಗೆ ಹೋದಳು. "ನೋಡಽ ಬಂಗಾರಾ, ನಾಳಿಗೆ ನಾವು ಅದರಾಗ ಹೋಗೂದು. ನೀನೂ ನಾನೂ."

ಅದೇ ಹೊತ್ತಿಗೆ ಒಳಗೆ ಬಂದ ಕಿರಣ ನಿಂತುಬಿಟ್ಟ. ಹೆಂಡತಿಯ ಕಡೆ ತಿರುಗಿ, "ನೀಲತ್ತಿಗೆ ಇನ್ನೂ ಹೇಳೇ ಇಲ್ಲೇನು?" ಎಂದ.

ಮಹಾಂತೇಶ ಟಿ.ವಿ. ರಿಮೋಟ್ ಕೈಗೆತ್ತಿಕೊಂಡು ಅದನ್ನೇ ನೋಡುತ್ತಾ ಹೇಳಿದ: "ಅಕ್ಕಾ, ವರ್ಷ ತುಂಬದ ಕೂಸನ್ನ ಹಡಗಿನವರು ಹತ್ತಿಸಿಕೊಳ್ಳಂಗಿಲ್ಲ."

"ಅಯ್ಯ ಶಿವನ!" ನೀಲಕ್ಕನ ಮುಖ ಬಾಡಿತು. "ಹಂಗಾರ ಪಾಪ, ಅಪೂರ್ವಾ ಬರಂಗಿಲ್ಲೇನು? ಎಷ್ಟು ಆಸೆ ಪಟ್ಟಿತ್ತು ಹುಡುಗಿ."

"ಅಪೂರ್ವಾ ಯಾಕ ಬಿಡಬೇಕ್ರಿ? ನೀವು ಅದೀರಲ್ಲ," ಎಂದಳು ಶೈಲಜಾ.

ನೀಲಕ್ಕನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಕೂಸು ಅವಳ ಕನ್ನಡಕ ಎಳೆಯುತ್ತಿತ್ತು. ಅದರ ಕೈ ಬಿಡಿಸುತ್ತಾ ಕೇಳಿದಳು: "ನನ್ನ ಟಿಕೆಟ್?"

"ತಗಿಸಿಲ್ಲ," ಎಂದ ಮಹಾಂತೇಶ. "ಮೊದಲಽ ಹೇಳಿದ್ರ ನೀ ಬರ್ತಿದ್ದೇನು?"

"ಬರ್ತಿದ್ದೆ." ಅವಳ ದನಿ ಏರಲಿಲ್ಲ. "ಕೂಸಿನ ಸಲುವಾಗಿ ಬರ್ತಿದ್ದೆ ಮಾಂತ್ಯಾ. ಕೇಳಿದ್ರ ಬರ್ತಿದ್ದೆ. ಮತ್ತ ಈ ಪೆಟ್ಟಿಗಿ ಯಾಕ ಕೊಡಿಸಿದಿ?"

ಅವನು ಟಿ.ವಿ. ಹಚ್ಚಿದ. ಶೈಲಜಾ ಹೇಳಿದಳು: "ಈ ವಯಸ್ಸಿನ್ಯಾಗ ಹಡಗಿನ್ಯಾಗ ನಿಮಗ ವಾಂತಿ ಗೀಂತಿ ಆದ್ರ ನೋಡವರು ಯಾರು? ಇಂಥಾ ಹೋಟೆಲಿನ್ಯಾಗ ಎ.ಸಿ. ಹಚ್ಚಿಕೊಂಡು ಕುಂಡ್ರೂದೂ ತ್ರಾಸ ಆತೇನ್ರಿ ಅಕ್ಕಾರ?"

ಮರುದಿನ ಬೆಳಿಗ್ಗೆ ನನ್ನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು. ನೀಲಕ್ಕನ ಸೀರೆ, ಚೂಡಿದಾರ, ಕೂಸಿನ ಸಾಮಾನು ಎಲ್ಲಾ ರಾಶಿಯಾಗಿ ಬಿತ್ತು. ಅವಳ ಬಟ್ಟೆಗಳಿಗೆ ಹೋಟೆಲಿನವರು ಮೈಲಿಗೆ ಬಟ್ಟೆಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಚೀಲ ಕೊಟ್ಟರು. ಶೈಲಜಾ ತನ್ನ ಬಟ್ಟೆಗಳನ್ನು ಮುದ್ದೆ ಮುದ್ದೆಯಾಗಿ ನನ್ನೊಳಗೆ ಹಾಕತೊಡಗಿದಳು. ಜಿಪ್ ಕೂಡಲಿಲ್ಲ. ನೀಲಕ್ಕ ಕೂಸನ್ನು ಮಂಚದ ಮೇಲೆ ಮಲಗಿಸಿ ಬಂದು, ಎಲ್ಲವನ್ನೂ ಹೊರತೆಗೆದು, ಒಂದೊಂದನ್ನೇ ಮಡಚಿ, ಅಂದವಾಗಿ ಜೋಡಿಸಿ ಜಿಪ್ ಎಳೆದಳು. ಅಷ್ಟು ವರ್ಷ ಮಾಡಿದ್ದನ್ನು ಕೈ ತಾನಾಗಿಯೇ ಮಾಡಿತೋ ಏನೋ. ನನ್ನನ್ನು ಹಡಗಿಗೆ ತಯಾರು ಮಾಡಿದವಳು ಅವಳೇ.

ಹಡಗಿನಲ್ಲಿ ನಾನು ಕಂಡದ್ದೇನು? ಮಂಚದ ಅಡಿ. ಹತ್ತಿದ ಕೂಡಲೇ ನನ್ನನ್ನು ಖಾಲಿ ಮಾಡಿ ಕಾಲಿನಿಂದ ಒಳಗೆ ತಳ್ಳಿದರು. ಮೈಯ ಕೆಳಗೆ ಯಂತ್ರದ ಗುಂಯ್ ಎಂಬ ನಡುಕ, ಕಣ್ಣಮುಂದೆ ಅವರ ಚಪ್ಪಲಿ. ಮೇಲೆ ಸಂಗೀತ, ಕುಣಿತ, ನಗು. ದಡ ಇನ್ನೂ ಹತ್ತಿರವಿದ್ದಾಗಲೇ ಶೈಲಜಾ ಓಣಿಯ ಹೆಂಗಸರಿಗೆ ಫೋನಿನಲ್ಲಿ ದನಿ ತುಂಬಿ ಕಳಿಸುವುದು ಕೇಳಿಸಿತು: "ಅಕ್ಕಾರು ಬಂದಾರವ್ವಾ, ನೀರಂದ್ರ ಅಂಜಿಕಿ ಅವರಿಗೆ. ರೂಮಿನ್ಯಾಗ ಮಲಗಿಬಿಟ್ಟಾರ. ಹೊರಗ ಬಾ ಅಂದ್ರೂ ಬರವಲ್ಲರು."

ತಿರುಗಿ ಬರುವಾಗ ಹಡಗು ದಡದ ಸಮೀಪಕ್ಕೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಅಪೂರ್ವಾಳ ಫೋನು ಒಂದೇ ಸಮನೆ ಗುಣುಗುಟ್ಟಿತು. "ಅವ್ವಾ, ನೀಲತ್ತಿ ಎಷ್ಟೋ ಸಲ ಫೋನ್ ಮಾಡ್ಯಾಳ. ಹಚ್ಚಿ ಕೇಳ್ಲೇನು?"

"ಬ್ಯಾಡ. ಕೂಸು ಅಳ್ತದ ಅಂತಿರಬೇಕು. ಕೇಳಿದ್ರ ಸುಮ್ಮನ ಮನಸ್ಸು ಕೆಡತದ. ಇಳಿದ ಮ್ಯಾಲ ನೋಡಿದ್ರಾತು."

ಅಪೂರ್ವಾಳ ಕಾಲುಗಳು ಸ್ವಲ್ಪ ಹೊತ್ತು ನನ್ನೆದುರು ನಿಂತಿದ್ದವು. ಆಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಹೊರಗೆ ಹೋದವು.

ಹಿಂತಿರುಗಿ ಹೋಟೆಲಿನ ಕೋಣೆಗೆ ಬಂದಾಗ ನೀಲಕ್ಕ ಆ ಚೂಡಿದಾರದಲ್ಲಿದ್ದಳು. ಅದು ಮುದುಡಿ, ಎದೆಯ ಮೇಲೆ ಹಾಲಿನ ಕಲೆಯಾಗಿತ್ತು. ಸೀರೆಗಳೆಲ್ಲ ಬಚ್ಚಲಲ್ಲಿ ಒಣಗಲು ಹಾಕಿದ್ದವು. ಕೂಸು ವಾಂತಿ, ಭೇದಿಯಿಂದ ಸುಸ್ತಾಗಿ, ಮೈ ಕಾದು, ಆಸ್ಪತ್ರೆಗೆ ಸೇರಿ ಹಿಂದಿನ ಸಂಜೆಯಷ್ಟೇ ಮರಳಿತ್ತು. ಅದರ ಪುಟ್ಟ ಮುಂಗೈಗೆ ಸಲೈನ್ ಸೂಜಿ ಚುಚ್ಚಿದ ಜಾಗದಲ್ಲಿ ಬಿಳಿ ಪಟ್ಟಿ. ಹಿಂದಿ ಸರಿಯಾಗಿ ಬಾರದ ನೀಲಕ್ಕ ಕೂಸನ್ನು ಎದೆಗವಚಿಕೊಂಡು ಆಟೊ ಹಿಡಿದು ಹೋಗಿದ್ದಳು. ತಾಯಿ ಎಲ್ಲಿ ಎಂದು ಡಾಕ್ಟರು ಕೇಳಿದಾಗ ಏನು ಹೇಳಬೇಕೆಂದು ತಿಳಿಯದೆ, "ಮೈ ಹೀ", ನಾನೇ, ಎಂದು ಹಿಂದಿಯಲ್ಲಿ ಹೇಳಿದ್ದಳಂತೆ. ಅರವತ್ತು ದಾಟಿದವಳನ್ನು ಅವರು ಮೇಲಿಂದ ಕೆಳಗೆ ನೋಡಿದರಂತೆ.

ಅಪೂರ್ವಾ ಕೂಸನ್ನು ಕಸಿದುಕೊಂಡಳು. ಅದು ಚೀರಿ, ಬೆನ್ನು ಬಿಲ್ಲಿನಂತೆ ಮಾಡಿ, ನೀಲಕ್ಕನ ಕಡೆ ಕೈ ಚಾಚಿತು. ಅದನ್ನು ನೋಡಿ ಅಪೂರ್ವಾಳಿಗೆ ತಡೆಯಲಾಗಲಿಲ್ಲ.

"ಒಂದು ಕೂಸನ್ನ ನೋಡಿಕೊಳ್ಳಾಕ ಆಗಲಿಲ್ಲ ನಿಂಗ? ಹಡದಿದ್ರ ಗೊತ್ತಾಗತಿತ್ತು!"

ಮಹಾಂತೇಶ ಕೇಳಿಸಿಕೊಂಡ. ಕಿರಣನೂ ಕೇಳಿಸಿಕೊಂಡ. ನೀಲಕ್ಕ ತಮ್ಮನ ಮುಖವನ್ನು ನೋಡುತ್ತಾ ನಿಂತಳು. ಅವನು ಈಗ ಏನಾದರೂ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನೂ ಕಾದೆ. "ಪುಣೆ ಗಾಡಿ ಬಂದದ, ಲಗೂ ಮಾಡ್ರಿ," ಎಂದ ಅವನು.

ಕಿವಿ ಚುಚ್ಚುವ ಕಾರ್ಯಕ್ಕೆ ಅವಳನ್ನು ಕರೆದೊಯ್ಯಲಿಲ್ಲ. ಕೂಸನ್ನು ಬಿಟ್ಟು ಹಡಗಿಗೆ ಹೋದದ್ದು ಕಿರಣನ ತಾಯಿಗೆ ಗೊತ್ತಾಗಿಬಿಟ್ಟೀತೆಂಬ ಭಯ. ಹುಬ್ಬಳ್ಳಿಯ ಬಸ್ಸಿಗೆ ಕೂರಿಸಿದರು. ನನ್ನನ್ನು ಕೊಡಿರೆಂದು ಅವಳು ಕೇಳಲಿಲ್ಲ. "ಪೆಟ್ಟಿಗಿ ಆಮ್ಯಾಲ ಕಳಸ್ತೀನ್ರಿ ಅಕ್ಕಾರ," ಎಂದಳು ಶೈಲಜಾ. ಹೋಟೆಲಿನ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೀಲಕ್ಕ ಕಿಟಕಿಯ ಪಕ್ಕ ಕೂತಳು. ಅವಳ ಚೀಲದಿಂದ ಹಸಿ ಸೀರೆಯ ನೀರು ತೊಟ್ಟಿಕ್ಕುತ್ತಿತ್ತು.

ನನ್ನನ್ನು ಯಾರೂ ಕಳಿಸಲಿಲ್ಲ. ಪುಣೆಯ ಮನೆಯ ಕಪಾಟಿನ ಮೇಲೆ ಬಿದ್ದುಕೊಂಡೆ. ಫೋನಿನ ಮಾತುಗಳಿಂದ ಅಷ್ಟಿಷ್ಟು ತಿಳಿಯುತ್ತಿತ್ತು. ನೀಲಕ್ಕ ತಮ್ಮನ ಮನೆಯಿಂದ ತನ್ನ ಹಾಸಿಗೆ, ಎರಡು ಪಾತ್ರೆ ತೆಗೆದುಕೊಂಡು ಹೋಗಿದ್ದಳು. ಹುಬ್ಬಳ್ಳಿಯಲ್ಲೇ, ಕೇಶ್ವಾಪುರದಲ್ಲಿ ಪದ್ಮಾವತಿ ಟೀಚರ್ ಮನೆಯ ಹಿಂದಿನ ಕೋಣೆಯಲ್ಲಿದ್ದಳು. "ಓಣ್ಯಾಗ ಮುಖ ಎತ್ತಿ ಅಡ್ಡಾಡದಂಗ ಮಾಡಿದ್ರು ನೋಡು. ಹಡಗಿಗೆ ತಾ ಹೋಗೇ ಇಲ್ಲ ಅಂತ ಅಕ್ಕಾರು ಎಲ್ಲಾರ ಮುಂದ ಹೇಳ್ಯಾರ," ಎಂದು ಶೈಲಜಾ ಮಗಳ ಹತ್ತಿರ ಅತ್ತಳು.

ಕೂಸು ನಡೆದಾಡುವ, ಮಾತಾಡುವ ಹುಡುಗಿಯಾದ ಮೇಲೆ ಮಹಾಂತೇಶ ತನ್ನ ಅಂಗಡಿಯಲ್ಲೇ ಕುಸಿದುಬಿದ್ದ. ಲಕ್ವ ಹೊಡೆದು ಬಲಗಡೆಯ ಮೈ ಬಿದ್ದುಹೋಯಿತು, ಮಾತು ನಿಂತಿತು. ಚಿಕಿತ್ಸೆಗೆಂದು ಪುಣೆಗೆ ತಂದು ಮಲಗಿಸಿದರು. ನನ್ನನ್ನು ಕೆಳಗಿಳಿಸಿ ಅವನ ಮಂಚದ ಪಕ್ಕ ಇಟ್ಟರು. ನನ್ನೊಳಗೆ ಮತ್ತೆ ಡೈಪರ್ ತುಂಬಿದರು, ಈ ಸಲ ದೊಡ್ಡವು. ಹೆಂಡತಿ, ಮಗಳು ಯಾರು ಉಣಿಸಲು ಹೋದರೂ ಅವನು ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದ. ಒಬ್ಬಳು ಆಯಾಳನ್ನು ಇಟ್ಟರು. ಯಾರೂ ಇಲ್ಲದಾಗ ಅವಳು ಅವನ ಮೂಗು ಹಿಡಿದು ಬಾಯಿ ತೆರೆಸುತ್ತಿದ್ದಳು. ಹೇಳಲು ಅವನಿಗೆ ಬಾಯಿರಲಿಲ್ಲ, ನನಗೂ ಇರಲಿಲ್ಲ.

ಒಂದು ಮಧ್ಯಾಹ್ನ ನೀಲಕ್ಕ ಬಂದಳು. ಸೊರಗಿದ್ದಳು, ಆದರೆ ನೆಟ್ಟಗೆ ನಡೆಯುತ್ತಿದ್ದಳು. ನಾನು ಅವಳ ದಾರಿಗೆ ಅಡ್ಡ ನಿಂತಿದ್ದೆ. ನನ್ನನ್ನು ಕಾಲಿನಿಂದ ಬದಿಗೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತಳು.

ಮಹಾಂತೇಶನ ಎಡಗೈ ಹುಡುಕಿಕೊಂಡು ಹೋಗಿ ಅವಳ ಕೈ ಹಿಡಿಯಿತು. ಅವಳು ಗಂಜಿಯ ಬಟ್ಟಲು ತೆಗೆದುಕೊಂಡಳು. ಅವನು ಬಾಯಿ ತೆರೆದ. ಪೂರ್ತಿ ಬಟ್ಟಲು ಖಾಲಿಯಾಯಿತು. ಶೈಲಜಾ ಬಾಗಿಲಲ್ಲಿ ನಿಂತು ಬಿಕ್ಕಿದಳು. "ಅಕ್ಕಾರ, ಇನ್ನ ಇಲ್ಲೇ ಇದ್ದುಬಿಡ್ರಿ. ಬೆಳಿಸಿದವರು ನೀವು. ನಿಮ್ಮ ಕೈಯಿಂದ ಆದ್ರ ಉಣ್ತಾರ. ಇಲ್ಲಂದ್ರ ಉಳಿಯಂಗಿಲ್ಲ ಇವರು."

ನೀಲಕ್ಕ ತಮ್ಮನ ತುಟಿ ಒರೆಸಿದಳು. "ಇವತ್ತಽ ಚೆನ್ನೈ ಗಾಡಿ ಅದ ನನಗ. ಅಲ್ಲಿಂದ ಅಂಡಮಾನಿಗೆ ಹಡಗು. ಪದ್ಮಾ ಬರ್ತಾಳ, ನಮ್ಮ ಟೀಚರ್‌ಗಳೆಲ್ಲಾ ಬರ್ತಾರ."

"ಇಂಥಾ ಹೊತ್ತಿನ್ಯಾಗ? ತಮ್ಮನ್ನ ಹಿಂಗ ಬಿಟ್ಟು?"

"ಹೂಂ."

ಮಹಾಂತೇಶನ ಗಂಟಲಿನಿಂದ ಕರುವಿನ ಕೂಗಿನಂಥ ಸದ್ದು ಬಂತು. ಅವನು ಕೈ ಬಿಡಲಿಲ್ಲ. ನೀಲಕ್ಕ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಕಿರುಬೆರಳಿನಿಂದ ಶುರುಮಾಡಿ. "ಅಳಬ್ಯಾಡ ಮಾಂತ್ಯಾ," ಎಂದಳು. "ದಡ ಕಾಣದಂಗ ಆದ ಮ್ಯಾಲ ನಿನ್ನ ನೆನಿಸ್ತೀನಿ."

ಬಟ್ಟಲು ತೊಳೆದಿಟ್ಟು ಹೋದಳು. ಬಾಗಿಲ ಹೊರಗೆ ನಿಂತು ಅತ್ತಳೋ, ಹಾಗೇ ಇಳಿದು ಹೋದಳೋ ನನಗೆ ತಿಳಿಯದು. ಆ ದಿನದಿಂದ ಆಯಾ ಮೂಗು ಹಿಡಿದರೂ ಅವನು ಕಚ್ಚಿದ ಹಲ್ಲು ಸಡಿಲಿಸಲಿಲ್ಲ. ಮೂಗಿಗೆ ನಳಿಕೆ ಹಾಕಿದರು. ಮಳೆಗಾಲ ಬರುವ ಮೊದಲೇ ಸತ್ತ. ಅಕ್ಕನಿಗೆ ಫೋನ್ ಮಾಡಿದಾಗ ಅವಳು ನಡುಸಮುದ್ರದಲ್ಲೇನೂ ಇರಲಿಲ್ಲ, ಊರಿಗೆ ಬಂದಾಗಿತ್ತು. ಮಣ್ಣಿಗೆ ಬಂದಳು, ಹಿಡಿ ಮಣ್ಣು ಹಾಕಿದಳು, ಅಂದೇ ತಿರುಗಿ ಹೋದಳು ಎಂದು ಕಿರಣ ಯಾರಿಗೋ ಹೇಳುತ್ತಿದ್ದ.

ಉಳಿದ ಡೈಪರುಗಳನ್ನು ಸುರಿದು ನನ್ನನ್ನು ಕಟ್ಟಡದ ಮೆಟ್ಟಿಲ ಕೆಳಗೆ ಇಟ್ಟರು. ಕಾವಲುಗಾರನ ಹೆಂಡತಿ ಒಯ್ದು ಈರುಳ್ಳಿ ತುಂಬಿಕೊಂಡಳು. ಜಿಪ್ ಹೋಗಿದೆ, ಹಿಡಿ ಮುರಿದಿದೆ. ನವಿಲು ಬಣ್ಣ ಬಿಸಿಲಿಗೆ ಬೂದಿಯಾಗಿದೆ. ಆದರೂ ಮೈ ಒಡೆದಿಲ್ಲ, ಅದೇ ಕಷ್ಟ.

ಇಲ್ಲಿ ಕೂತು ನಾನು ಯೋಚಿಸುವುದು ಇಷ್ಟೇ. ಶೈಲಜಾಳನ್ನು ದ್ವೇಷಿಸುವುದು ಸುಲಭ. ಮಹಾಂತೇಶನನ್ನು ದ್ವೇಷಿಸೋಣವೆಂದರೆ, ಮೂಗು ಹಿಡಿಸಿಕೊಂಡು ಉಸಿರಿಗೆ ಒದ್ದಾಡುತ್ತಿದ್ದ ಅವನ ಮುಖ ಕಾಣುತ್ತದೆ. ನೀಲಕ್ಕ ಮಾಡಿದ್ದು ಸರಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂದುಕೊಂಡ ಪ್ರತಿ ಸಲವೂ, ಹಾಸಿಗೆಯ ಮೇಲೆ ತೆರೆದೇ ಉಳಿದ ಆ ಎಡಗೈ ನೆನಪಾಗುತ್ತದೆ. ಅವಳು ಹೋದ ಮೇಲೂ ಬೆರಳುಗಳು ತುಂಬ ಹೊತ್ತು ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದವು, ಬಿಡುತ್ತಿದ್ದವು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.