ನೀರು ನಿಲ್ಲದ ದಿಣ್ಣೆ

"ಅಮ್ಮಾರೆ, ಇಲ್ಲೇನೂ ಇಲ್ಲ ಕಣ್ರಿ. ಗಟ್ಟಿ ನೆಲ ಸಿಕ್ಕಿಬಿಡ್ತು," ಎಂದು ದಾಸಣ್ಣ ಎದೆಮಟ್ಟದ ಗುಂಡಿಯೊಳಗಿಂದ ತಲೆಯೆತ್ತಿ ಹೇಳಿದ.

ಗುಂಡಿಯ ಅಂಚಿನಲ್ಲಿ ಹೊಸ ಬಿಳಿ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಹಾದೇವಮ್ಮ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಕೈ ಖಾಲಿ ಇತ್ತು.

"ಏನೂ ಇಲ್ಲ ಅಂದ್ರೆ? ಮಗಳ್ನ ಕುಂಡ್ರಿಸಿದೀನಿ ಅಲ್ಲಿ. ಎದ್ದು ಎಲ್ಲಿಗೆ ಹೋಗ್ತಾಳೆ? ಸರಿಯಾಗಿ ನೋಡು."

"ಗೂಡಿನೊಳಗೂ ಕೈ ಹಾಕ್ದೆ. ಬರೀ ಕಲ್ಲಿನ ಚಕ್ಕೆ."

ತುಸು ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದ ಮೈದುನ ಮುರುಗಪ್ಪ ಹತ್ತಿರ ಬಂದ. "ಜಾಗ ತಪ್ಪಿರಬೋದು ಅತ್ಗೆಮ್ಮ. ಇಪ್ಪತ್ತು ವರ್ಷದ ಮೇಲಾತು."

"ಜಾಗ ತಪ್ಪಾಕೆ ನಾನೇನು ಮದುವೆ ಮನೇಲಿ ಬಿಟ್ಟ ಚಪ್ಪಲಿ ಹುಡುಕ್ತಿದೀನೇನಪ್ಪ?" ಎಂದಳು ಮಹಾದೇವಮ್ಮ. "ವರ್ಷಾ ವರ್ಷಾ ಬಂದು ಹೂವ ಇಟ್ಟು ಹೋದ ಕಲ್ಲು ಇದು. ಇದೇ ಜಾಗ."

ಈ ದಿಣ್ಣೆ ಮುರುಗಪ್ಪನ ಪಾಲಿಗೆ ಬಂದದ್ದು. ಗಾಳಿ ಫ್ಯಾನಿನ ಕಂಪನಿಯವರಿಗೆ ದಾರಿ ಬಿಟ್ಟುಕೊಟ್ಟವನೂ ಅವನೇ. ಮಾಡದಕೆರೆಯ ಕಡೆಯಿಂದ ಹತ್ತಿ ಬರುವ ಆ ದಾರಿಗೆ ಸುಣ್ಣದ ಗೆರೆ ಎಳೆದಾಗಿತ್ತು. ಎರಡು ಬಿಳಿ ಗೆರೆಗಳ ನಟ್ಟನಡುವೆ ಅಣ್ಣನ ಮಗಳ ಸಮಾಧಿ. ಅದು ಅವನ ಗಮನಕ್ಕೆ ಬಂದದ್ದು ಗೆರೆ ಬಿದ್ದ ಮೇಲೆ. ಆವತ್ತೇ ಅತ್ತಿಗೆಯ ಮನೆ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಮೂಳೆ ತೆಗೆದು ಅಣ್ಣನ ಪಕ್ಕದಲ್ಲೇ ಕೂರಿಸೋಣ ಎಂದು ಮಾತು ಕೊಟ್ಟಿದ್ದ. ಈಗ ಜೆಸಿಬಿ ಬಂದು ನಿಂತಿದೆ. ಊರಿನ ಸ್ಮಶಾನದಲ್ಲಿ ಹೊಸ ಗುಂಡಿ ತೋಡಿಸಿ, ಜಂಗಮಯ್ಯನವರನ್ನು ಅಲ್ಲೇ ಬೇವಿನ ನೆರಳಿಗೆ ಕೂರಿಸಿ ಬಂದಿದ್ದಾರೆ.

ಮಹಾದೇವಮ್ಮನಿಗೆ ಮೂಳೆಯ ಬಗ್ಗೆ ಅನುಮಾನವೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಗಂಡನಿಗೆ ಗುಂಡಿ ತೋಡುವಾಗ ಪಕ್ಕದಲ್ಲಿ ಮಾವನವರ ಸಮಾಧಿ ಕುಸಿದು, ಅವರ ಮೂಳೆಯೆಲ್ಲ ಇದ್ದದ್ದು ಇದ್ದ ಹಾಗೇ ಕಂಡಿತ್ತು. ಅದು ಕೆರೆ ಹಿಂದಿನ ಎರೆ ನೆಲ. ವರ್ಷದ ಅರ್ಧ ಕಾಲ ಅಲ್ಲಿ ಕಾಲಿಟ್ಟರೆ ಪಚಪಚ ಅನ್ನುತ್ತದೆ. ನೀರಲ್ಲಿ ನೆನೆದ ಮುದುಕರೇ ಹಾಗಿರುವಾಗ, ಒಣ ದಿಣ್ಣೆಯ ಮೇಲೆ ಬೆಚ್ಚಗೆ ಕೂತ ಕೂಸು ಇನ್ನೆಷ್ಟು ಚೆನ್ನಾಗಿರಬೇಡ? ತೊಳೆಯಲು ಬಿಂದಿಗೆ ನೀರು ತಂದಿದ್ದಳು. ಒರೆಸಲು ತನ್ನದೇ ಒಂದು ಹಳೆಯ ಮೆತ್ತನೆ ಸೀರೆ.

ಈ ದಿಣ್ಣೆಯನ್ನು ಹುಡುಕಿದವಳೂ ಅವಳೇ. ಮಗಳು ಪಲ್ಲವಿ ಜ್ವರದಲ್ಲಿ ತೀರಿಕೊಂಡ ವರ್ಷ ಎಂದೂ ಇಲ್ಲದ ಮಳೆ, ಕೆರೆ ತುಂಬಿತ್ತು. ಸ್ಮಶಾನದಲ್ಲಿ ಗುಂಡಿ ತೋಡಿದರೆ ಪಕ್ಕದಿಂದ ಜಿನುಗಿ ಜಿನುಗಿ ಮೊಣಕಾಲುದ್ದ ನೀರು. ಎತ್ತಿ ಚೆಲ್ಲಿದಷ್ಟೂ ಬರುತ್ತಿತ್ತು. ಆ ಹುಡುಗಿಗೋ ನೀರೆಂದರೆ ಪ್ರಾಣಭಯ. ಎಣ್ಣೆಸ್ನಾನದ ದಿನ ಬಚ್ಚಲಿಂದ ಎದ್ದು ಬೀದಿಗೆ ಓಡುತ್ತಿದ್ದಳು, ಹಿಡಿದು ತರಲು ಮೂವರು ಬೇಕಿತ್ತು. "ನನ್ ಮಗಳ್ನ ನೀರಾಗೆ ಕುಂಡ್ರಿಸಬ್ಯಾಡ್ರೋ" ಎಂದು ಮಹಾದೇವಮ್ಮ ಹೆಣವನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಕೊನೆಗೆ ಗಂಡ ಸೋತು, ಎಲ್ಲಿ ಬೇಕು ಹೇಳು ಮಾರಾಯ್ತಿ ಅಂದ.

ಚಕ್ಕೆದಿಣ್ಣೆ ಅಂದಳು. ಅಲ್ಲಿನ ಮಣ್ಣು ಮಣ್ಣಲ್ಲ, ಪುಡಿಯಾಗುತ್ತಾ ಕೂತ ಕಲ್ಲು. ಕಂದು, ಬೂದು, ಅಲ್ಲಲ್ಲಿ ನೇರಳೆ ಬಣ್ಣದ ತೆಳು ಚಕ್ಕೆಗಳು, ಹಪ್ಪಳ ಮುರಿದಂತೆ ಬೆರಳಲ್ಲೇ ಮುರಿಯುತ್ತವೆ. ಹುರುಳಿ ಬಿಟ್ಟರೆ ಬೇರೇನೂ ಏಳುವುದಿಲ್ಲ. ಎಂಥ ಮಳೆ ಬಂದು ನಿಂತರೂ ಚಪ್ಪಲಿಗೆ ಕೆಸರು ಹತ್ತುವುದಿಲ್ಲ. ಅವತ್ತು ಇದೇ ದಾಸಣ್ಣ ಗುಂಡಿ ತೋಡಿದ ಮೇಲೆ ಅವಳು ತಾನೇ ಒಂದು ಬಿಂದಿಗೆ ನೀರು ಸುರಿದು ಪರೀಕ್ಷೆ ಮಾಡಿದ್ದಳು. ಬಿಂದಿಗೆ ಕೆಳಗಿಡುವಷ್ಟರಲ್ಲಿ ನೀರು ಮಾಯ. ಆಗಲೇ ಅವಳು ಮಗಳನ್ನು ಕೈಬಿಟ್ಟದ್ದು.

"ಏನ್ ದಾಸಣ್ಣ, ಆಯ್ತಾ?" ಜೆಸಿಬಿಯ ಮೇಲಿಂದ ಅಂಜನ್ ಕೂಗಿದ. ಒಳ್ಳೆಯ ಹುಡುಗ, ಬೆಳಗಿನಿಂದ ಇಂಜಿನ್ ಆರಿಸಿಕೊಂಡು ಕಾದಿದ್ದ. "ಇಂಜಿನಿಯರ್ ಫೋನ್ ಮೇಲೆ ಫೋನ್ ಮಾಡ್ತಾವ್ರೆ ಕಣಣ್ಣ."

"ತಡಿ ಮಾರಾಯ, ಆಲೂಗಡ್ಡೆ ಕೀಳ್ತಾ ಇಲ್ಲ ನಾವು!" ಎಂದ ದಾಸಣ್ಣ.

ಮಹಾದೇವಮ್ಮ ಬಟ್ಟೆಯನ್ನು ಪಕ್ಕಕ್ಕಿಟ್ಟು ಕಾಲು ಇಳಿಬಿಟ್ಟಳು. "ನನ್ನ ಇಳಿಸು."

"ಅಯ್ಯೋ, ನೀವು ಬ್ಯಾಡ್ರಿ ಅಮ್ಮಾರೆ, ಸೊಂಟ ಉಳುಕಿದ್ರೆ..."

"ಇಳಿಸು ಅಂದೆ."

ಇಳಿಸಿದ. ಗುಂಡಿಯ ಪಕ್ಕದ ಗೋಡೆಯಲ್ಲಿ ಕೊರೆದ ಗೂಡು, ಮಗಳನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿದ್ದ ಗೂಡು, ಹಾಗೇ ಇತ್ತು. ಅವಳು ಮಂಡಿಯೂರಿ ಎರಡೂ ಕೈಯಿಂದ ಚಕ್ಕೆ ಬಾಚಿ ಬಾಚಿ ಸೆರಗಿಗೆ ಹಾಕಿಕೊಂಡು, ಒಂದೊಂದನ್ನೇ ಮುರಿದು ನೋಡತೊಡಗಿದಳು. ತಲೆ ಇರಬೇಕಾದಲ್ಲಿ ಚಕ್ಕೆ. ಬೆನ್ನು ಒರಗಿದ್ದಲ್ಲಿ ಚಕ್ಕೆ. ನೆಲದ ಮೇಲೆ ಮಾತ್ರ ಒಂದು ತಟ್ಟೆಯಗಲ ಮಣ್ಣು ಸ್ವಲ್ಪ ಕಪ್ಪಗೆ, ಹಿಡಿದರೆ ಜಿಡ್ಡು ಜಿಡ್ಡಾಗಿ. ಉಗುರು ಸೀಳಿ ರಕ್ತ ಬಂತು, ನಿಲ್ಲಿಸಲಿಲ್ಲ.

"ಯಾರಾದ್ರೂ ತೆಗೆದ್ರಾ? ನಾಯಿ ನರಿ ಏನಾರ..."

"ಕಲ್ಲು ಕದಲಿಲ್ಲ ಅಮ್ಮಾರೆ. ನಾನೇ ಮುಚ್ಚಿದ ಮಣ್ಣು, ಹಂಗೇ ಐತೆ."

"ಹಂಗಾದ್ರೆ ಎಲ್ಲಿ? ಹೇಳೋ, ಎಲ್ಲಿ?"

ಮುರುಗಪ್ಪ ಗುಂಡಿಯ ಅಂಚಿನಲ್ಲಿ ಕೂತ. ಮಾತಾಡಲೋ ಬೇಡವೋ ಎಂಬಂತೆ ಒಂದು ಚಕ್ಕೆ ಎತ್ತಿಕೊಂಡು ತಿರುಗಿಸಿದ. "ಅತ್ಗೆಮ್ಮ, ಹೋದ ವರ್ಷ ದಾಳಿಂಬೆ ಹಾಕಾಣ ಅಂತ ಇಲ್ಲಿ ಮಣ್ಣು ಟೆಸ್ಟಿಗೆ ಕೊಟ್ಟಿದ್ದೆ. ಭಾರಿ ಹುಳಿ ಐತೆ ಅಂದ್ರು. ಮಳೆ ನೀರು ನಿಲ್ಲದಂಗೆ ಸೀದಾ ಇಳೀತೈತಲ್ಲ, ಇಳಿಯುವಾಗ ಮಣ್ಣಿನ ಸುಣ್ಣಾನೆಲ್ಲ ತೊಳಕೊಂಡು ಹೋಗ್ತೈತಂತೆ. ಸುಣ್ಣ ಹಾಕಿದ್ರೆ ಬೆಳೆ, ಇಲ್ದಿದ್ರೆ ಇಲ್ಲ ಅಂದ್ರು."

"ನಾನು ದಾಳಿಂಬೆ ಕೇಳ್ತಿದೀನಾ ಈಗ?"

"ಅಲ್ಲ..." ಅವನ ದನಿ ಇಳಿಯಿತು. "ಮೂಳೆನೂ ಸುಣ್ಣಾನೇ ಅಲ್ವಾ."

ಅವಳು ಅವನನ್ನೇ ನೋಡಿದಳು. ಆಮೇಲೆ ತನ್ನ ಸೆರಗಿನ ಮಣ್ಣನ್ನು. ಆಮೇಲೆ ಏನೂ ಕೇಳಿಸಲಿಲ್ಲ ಎಂಬಂತೆ ಮತ್ತೆ ಗೂಡಿನ ನೆಲ ಕೆರೆಯಲು ಶುರು ಮಾಡಿದಳು. ಈ ಸಲ ಬಾಯಲ್ಲಿ ಒಂದೇ ಮಾತು. ನಾನೇ ಇಲ್ಲಿಗೆ ತಂದೆ, ನಾನೇ ಇಲ್ಲಿಗೆ ತಂದೆ. ದಾಸಣ್ಣ ಎಬ್ಬಿಸಲು ರಟ್ಟೆ ಹಿಡಿದ, ಕೊಡವಿದಳು. ಮುರುಗಪ್ಪ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ.

ಕೊನೆಗೆ ಬೆರಳಿಗೆ ಗಟ್ಟಿಯಾಗಿ ಏನೋ ತಗಲಿತು. ಬಿಳಿ ಗಡ್ಡೆ, ನಿಂಬೆಹಣ್ಣಿನಷ್ಟು. ಆವತ್ತು ಎಡಗೈಗೆ ಇಷ್ಟಲಿಂಗ ಕೊಟ್ಟು, ಬಿದ್ದುಹೋಗದಿರಲೆಂದು ಅಂಗೈ ತುಂಬ ವಿಭೂತಿ ಒತ್ತಿದ್ದರು. ಆ ವಿಭೂತಿ ಕಲ್ಲಾಗಿತ್ತು. ಒಂದು ಕಡೆ ಕಪ್ಪು ಲಿಂಗ ಕಾಣುತ್ತಿತ್ತು. ಇನ್ನೊಂದು ಕಡೆ, ಬೂದಿಯೊಳಗೆ ಹುದುಗಿಕೊಂಡು, ಬೆರಳಿನ ಎರಡು ಸಣ್ಣ ಮೂಳೆ. ಬೂದಿಯ ಸುಣ್ಣ ಮೆತ್ತಿದ್ದಷ್ಟು ಉಳಿದಿತ್ತು, ಅಷ್ಟೇ.

ದೂರದ ಗುಡ್ಡದ ಮೇಲೆ ಆಗಲೇ ನಿಂತಿದ್ದ ಫ್ಯಾನುಗಳು ತಿರುಗುವ ಸದ್ದು ಬರುತ್ತಿತ್ತು.

"ಸಿಕ್ಕಳಲ್ಲ, ಅಷ್ಟು ಸಾಕು," ಎಂದ ದಾಸಣ್ಣ. ಮೇಲೆ ಹತ್ತಿ ಬಿಂದಿಗೆ ತಂದ. "ಕೊಡ್ರಿ ಅಮ್ಮಾರೆ, ತೊಳೀಬೇಕು."

"ನೀರು ಹಾಕಬ್ಯಾಡ." ಅವಳು ಗಡ್ಡೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ತಲೆಯೆತ್ತದೇ ಕೇಳಿದಳು, "ಮುರುಗಪ್ಪ, ಬೆಳಿಗ್ಗೆ ಅಲ್ಲಿ ಗುಂಡಿ ತೋಡಿದ್ರಲ್ಲ. ನೀರು ಐತಾ?"

ಮುರುಗಪ್ಪ ಚಕ್ಕೆಯನ್ನು ಕೈಯಲ್ಲೇ ಪುಡಿ ಮಾಡಿದ. "ಸ್ವಲ್ಪ ಜಿನುಗ್ತಾ ಐತೆ. ಎತ್ತಿ ಹಾಕ್ತಾರೆ ಬಿಡ್ರಿ."

"ದಾಸಣ್ಣ, ಒಂದು ಚೀಲ ಈ ಮಣ್ಣು ತುಂಬು. ಅಲ್ಲಿ ಗುಂಡಿ ಅಡಿಗೆ ಹಾಕಾಣ. ಅವಳಿಗೆ ನೀರು ತಾಗದಂಗೆ."

ದಾಸಣ್ಣ ಚೀಲಕ್ಕೆ ಕೈ ಹಾಕಿದ. ಮುರುಗಪ್ಪ ಮೆಲ್ಲಗೆ, "ಇದೇ ಮಣ್ಣಲ್ವೇನ್ರಿ ಅತ್ಗೆಮ್ಮ, ಮೂಳೆ ತಿಂದಿದ್ದು?" ಎಂದ.

ಚೀಲ ಬಾಯಿ ತೆರೆದುಕೊಂಡು ನಿಂತಿತ್ತು. ಮಹಾದೇವಮ್ಮ ಅದನ್ನು ನೋಡಿದಳು, ಕೆಳಗೆ ಊರಿನಾಚೆ ಹೊಳೆಯುತ್ತಿದ್ದ ಕೆರೆಯನ್ನು ನೋಡಿದಳು.

"ಜಂಗಮಯ್ಯನವರು ಕಾಯ್ತಾವ್ರೆ," ಎಂದ ಮುರುಗಪ್ಪ.

"ಬ್ಯಾಡ ಬಿಡು ದಾಸಣ್ಣ," ಎಂದಳು ಅವಳು. "ಹೋಗಾಣ."

ಇಬ್ಬರೂ ಹಿಡಿದು ಮೇಲೆತ್ತಿದರು. ಅವಳು ಗಡ್ಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯನ್ನು ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂದೆ ಜೆಸಿಬಿ ಗುರ್ ಎಂದು ಚಾಲೂ ಆಯಿತು. ದಾಸಣ್ಣ ಹೊರುವ ಭಾರ ಕಡಿಮೆಯಾಗಲೆಂದು ಬಿಂದಿಗೆಯ ನೀರನ್ನು ಗುಂಡಿಗೆ ಬಗ್ಗಿಸಿದ. ಮಹಾದೇವಮ್ಮ ನಿಂತು, ಬಾಗಿ ನೋಡಿದಳು. ತಳದಲ್ಲಿ ಒಂದು ಗಳಿಗೆ ಆಕಾಶ ಕಂಡಿತು. ದಾಸಣ್ಣ ಬಿಂದಿಗೆಯನ್ನು ಹೆಗಲಿಗಿಡುವಷ್ಟರಲ್ಲಿ ಬರೀ ಒದ್ದೆ ಚಕ್ಕೆಗಳಿದ್ದವು, ಅವೂ ಅಂಚಿನಿಂದ ಒಣಗುತ್ತಿದ್ದವು.