ಲೇಬಲ್ ಅಕ್ಕನ ಕೈಗುಣ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಇರಬಾರದ ಗುಣ. ಯಂತ್ರದ ಮೇಲೆ ರೇಗಿದರೆ ಅದಕ್ಕೇನೂ ಆಗುವುದಿಲ್ಲ, ಅಕ್ಕಪಕ್ಕದ ಮನುಷ್ಯರಿಗೆ ತಾಗುತ್ತದೆ. ಈ ಸಲ ತಾಗಿದ್ದು ಲೇಬಲ್ ಅಕ್ಕನಿಗೆ.

ಅದೊಂದು ರಕ್ತ ಪರೀಕ್ಷೆಯ ಲ್ಯಾಬು. ಉದ್ದನೆಯ ಹಾಲಿನಲ್ಲಿ ಹನ್ನೆರಡು ಕಂಪ್ಯೂಟರು. ಬಾಗಿಲ ಪಕ್ಕದ್ದು ಲೇಬಲ್ ಅಕ್ಕನದು. ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ ಪ್ರಿಂಟ್ ಮಾಡುವ ಹಳೇ ಪ್ರಿಂಟರ್ ಕೂತಿದ್ದು ಅವರ ಮೇಜಿನ ಮೇಲೆ. ಎಲ್ಲ ಯಂತ್ರಕ್ಕೂ ಅದೊಂದೇ. ಹೆಸರು, ನಂಬರು ಯಾರೇ ಬರೆಯಲಿ, ಕೊನೆಯ ಬಟನ್ ಅಕ್ಕನೇ ಒತ್ತಬೇಕು ಎಂಬುದು ಅಲ್ಲಿನ ರೂಢಿ. "ಅಕ್ಕಾ, ಒತ್ತಿ!" ಎಂದು ಯಾರಾದರೂ ಕೂಗಿದರೆ ಅವರು ಪರದೆಯ ಮೇಲಿನ ಹೆಸರನ್ನು ತುಟಿ ಅಲ್ಲಾಡಿಸುತ್ತ ಓದಿ ಒತ್ತುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಬ್ಬರ ರಕ್ತ ಇನ್ನೊಬ್ಬರದಾಗಿರಲಿಲ್ಲ.

ಆ ಒಂಬತ್ತು ವರ್ಷವೂ ಅವರು ಟೆಂಪರರಿ. ಈ ವಾರ ಮೇಲಿನ ಆಫೀಸಿಗೆ ಹೋಗುವ ಕಾಯಂ ಪಟ್ಟಿಯಲ್ಲಿ ಕೊನೆಗೂ ಹೆಸರು ಸೇರಿತ್ತು. ಕಾಯಂ ಆದರೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ ಸಿಗುತ್ತದೆ, ನಡೆಯಲಾಗದ ತಂಗಿಯನ್ನು ಅಣ್ಣನ ಮನೆಯಿಂದ ಕರೆತರಬಹುದು. "ನಮ್ಮ ಅತ್ತಿಗೆ ಕೆಟ್ಟವರಲ್ಲ ಡಾಕ್ಟ್ರೇ," ಎಂದಿದ್ದರು ಒಮ್ಮೆ. ಆಫೀಸಿನವರೆಲ್ಲ ನನ್ನನ್ನು ಕರೆಯುವುದೇ ಕಂಪ್ಯೂಟರ್ ಡಾಕ್ಟ್ರು ಎಂದು. "ತಂಗಿ ಮುಂದೆ ತಟ್ಟೆ ಇಡೋವಾಗ ಮಾತ್ರ ಸ್ವಲ್ಪ ಜೋರಾಗಿ ಇಡ್ತಾರೆ."

ಭಾನುವಾರ ಹನ್ನೆರಡಕ್ಕೂ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಸೋಮವಾರ ಹತ್ತು ಗಂಟೆಗೆ ಹನ್ನೆರಡೂ ಒಟ್ಟಿಗೆ ನಿಂತವು. ಮೌಸ್ ಅಲ್ಲಾಡದು, ಪರದೆ ಬದಲಾಗದು. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಅದೇ ಹಾಡು. ಬೆಳಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು ಕೌಂಟರಿನಲ್ಲಿ ನಮ್ಮ ಜನ್ಮ ಜಾಲಾಡುತ್ತಿದ್ದರು. ನಾನು ಕೇಬಲ್ ಬದಲಿಸಿದೆ, ಧೂಳು ಊದಿದೆ, ಮೆಮೊರಿ ಕಿತ್ತು ಮತ್ತೆ ಕೂರಿಸಿದೆ, ವೈರಸ್ ಹುಡುಕಿದೆ. ಏನು ಮಾಡಿದರೂ ನೀರಿನಲ್ಲಿ ಹೋಮ.

ಮಂಗಳವಾರ ಮಧ್ಯಾಹ್ನ ಅಕ್ಕ ಬಟನ್ ಒತ್ತಿ, ಟ್ಯೂಬ್ ತರಲು ಒಳಗೆ ಹೋದರು. ಹನ್ನೆರಡೂ ನಿಂತವು. ರಿಪೋರ್ಟ್ ಅರ್ಧಕ್ಕೆ ನಿಂತ ಟೈಪಿಸ್ಟ್, "ಏನಂತೆ ಡಾಕ್ಟ್ರೇ, ರೋಗ ಗೊತ್ತಾಯ್ತಾ?" ಎಂದಳು. ನನಗೆ ಪಿತ್ತ ನೆತ್ತಿಗೇರಿತು.

"ಇನ್ನೇನಿರುತ್ತೆ? ನಿಮ್ಮ ಲೇಬಲ್ ಅಕ್ಕನ ಕೈಗುಣ!"

ಇಡೀ ಹಾಲು ನಕ್ಕಿತು. ನಾನೂ ನಕ್ಕೆ.

ಬುಧವಾರ ಬರುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಅಕ್ಕನ ಬೆರಳನ್ನೇ ನೋಡುತ್ತಿದ್ದರು. ಅವರು ಒತ್ತಿದಾಗ ನಿಲ್ಲುತ್ತಿತ್ತು, ಒತ್ತದಿದ್ದಾಗ ನಡೆಯುತ್ತಿತ್ತು. ಪಾಪ, ಅಲ್ಲಿನ ಜನ ಗಮನಿಸಿದ್ದರಲ್ಲಿ ತಪ್ಪಿರಲಿಲ್ಲ. ಅಷ್ಟನ್ನು ನಾನು ಗಮನಿಸಿದ್ದರೆ ಸೋಮವಾರವೇ ಕೆಲಸ ಮುಗಿಯುತ್ತಿತ್ತು. ಸಂಜೆ ಮ್ಯಾನೇಜರ್ ಅಕ್ಕನನ್ನು ಹಿಂದಿನ ಕೋಣೆಗೆ, ಗಾಜಿನ ಸಾಮಾನು ತೊಳೆಯುವುದಕ್ಕೆ ಹಾಕಿದರು.

ಗುರುವಾರ ಬೆಳಗ್ಗೆ ಏಳಕ್ಕೇ ಹೋಗಿ ಅಕ್ಕನ ಕುರ್ಚಿಯಲ್ಲಿ ಕೂತೆ. ಸುಮ್ಮನೆ ಒಂದು ಲೇಬಲ್ ಒತ್ತಿದೆ. ಹನ್ನೆರಡೂ ನಿಂತವು. ಒತ್ತಿದ್ದು ನನ್ನ ಕೈ, ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಹುಡುಕಿದರೆ ಸಿಕ್ಕಿತು: ಪ್ರಿಂಟರನ್ನು ನಡೆಸುವ ಹಳೇ ಸಾಫ್ಟ್‌ವೇರ್ ಹೊಸ ಸಿಸ್ಟಮ್ಮಿಗೆ ಒಗ್ಗುತ್ತಿರಲಿಲ್ಲ. ಲೇಬಲ್ ಹೊರಟಾಗಲೆಲ್ಲ ಎಲ್ಲ ಯಂತ್ರಗಳೂ ಆ ಪ್ರಿಂಟರಿನ ಉತ್ತರಕ್ಕೆ ಕಾಯುತ್ತ ಕಲ್ಲಾಗುತ್ತಿದ್ದವು. ಭಾನುವಾರ ಪರದೆಯ ಮೇಲೆ ಇದೇ ಎಚ್ಚರಿಕೆ ಬಂದಿತ್ತು. ಊಟಕ್ಕೆ ಹೊತ್ತಾಯಿತೆಂದು ನಾನು ಓದದೆ 'ಮುಂದುವರಿಸಿ' ಒತ್ತಿದ್ದೆ.

ಹೊಸ ಸಾಫ್ಟ್‌ವೇರ್ ಹಾಕಲು ಇಪ್ಪತ್ತು ನಿಮಿಷ ಸಾಕಾಯಿತು. ಕೆಟ್ಟದ್ದು ಕಂಡ ತಕ್ಷಣ ಸರಿಮಾಡುವುದು ರಿಪೇರಿಯವನ ಚಟ. ಒಂದೆರಡು ಗಂಟೆ ಕಾದು, ಜನ ಬಂದ ಮೇಲೆ, ಅವರ ಕಣ್ಣೆದುರೇ ಮಾಡಬೇಕೆಂದು ಈ ಮಂಕುತಲೆಗೆ ಹೊಳೆಯಲೇ ಇಲ್ಲ. ಒಂಬತ್ತಕ್ಕೆ ಎಲ್ಲರೂ ಬಂದರು. ಅಕ್ಕನ ಕುರ್ಚಿಯಲ್ಲಿ ಬೇರೊಬ್ಬರು ಕೂತು ಲೇಬಲ್ ಒತ್ತತೊಡಗಿದರು. ಮಧ್ಯಾಹ್ನದವರೆಗೆ ಒಂದು ಯಂತ್ರವೂ ನಿಲ್ಲಲಿಲ್ಲ.

"ನೋಡಿದ್ರಾ? ಅಕ್ಕ ಎದ್ದರು, ಎಲ್ಲ ಸರಿಹೋಯ್ತು," ಎಂದಳು ಟೈಪಿಸ್ಟ್.

ನಾನು ಮ್ಯಾನೇಜರ್ ಹತ್ತಿರ ಓಡಿ ಒಂದನ್ನೂ ಮುಚ್ಚಿಡದೆ ಹೇಳಿದೆ. ತಪ್ಪು ನನ್ನದೇ ಎಂದೆ. ಹಳೆಯದನ್ನು ಮತ್ತೆ ಹಾಕಿ ತೋರಿಸುತ್ತೇನೆ ಎಂದೆ.

"ಮತ್ತೆ ನಿಲ್ಲಿಸ್ತೀರಾ? ಕೈ ಮುಗೀತೀನಿ ಮಾರಾಯ್ರೆ, ಏನನ್ನೂ ಮುಟ್ಟಬೇಡಿ," ಎಂದರು ಮ್ಯಾನೇಜರ್. ಆಮೇಲೆ ನಕ್ಕು ನನ್ನ ಹೆಗಲು ತಟ್ಟಿದರು. "ನಿಮ್ಮದು ದೊಡ್ಡ ಮನಸ್ಸು. ಪಾಪ ಅಂತ ತಪ್ಪನ್ನ ನಿಮ್ಮ ಮೈಮೇಲೆ ಎಳ್ಕೊಂಡ್ರಿ."

"ಪಟ್ಟಿ?"

"ನಿನ್ನೆನೇ ಕಳಿಸಿದೆ. ಅವರದು ತೆಗೆದೆ. ಮುಂದಿನ ಸಲ ನೋಡೋಣ."

ಅಲ್ಲಿ ಮುಂದಿನ ಸಲ ಎಂದರೆ ಕಡಿಮೆಯೆಂದರೂ ನಾಲ್ಕು ವರ್ಷ.

ಹಿಂದಿನ ಕೋಣೆಯಲ್ಲಿ ಅಕ್ಕ ನಲ್ಲಿ ಬಿಟ್ಟುಕೊಂಡು ಗಾಜಿನ ಕೊಳವೆ ತೊಳೆಯುತ್ತಿದ್ದರು. ಪ್ರಿಂಟರಿನ ಕತೆಯನ್ನೆಲ್ಲ ಹೇಳಿದೆ. ತಲೆಯಾಡಿಸುತ್ತ ಕೇಳಿದರು, ನನಗೇ ಸಮಾಧಾನ ಹೇಳಿದರು.

"ಬಿಡಿ ಡಾಕ್ಟ್ರೇ. ಪಟ್ಟಿ ಹೋದ್ರೆ ಹೋಯ್ತು. ಆ ಕೈಗುಣದ ಮಾತನ್ನ ನಾನು ತಲೆಗೇ ಹಚ್ಕೊಂಡಿಲ್ಲ. ಕಂಪ್ಯೂಟರ್ ಅಂದ್ರೆ ಏನು ಅಂತ ಗೊತ್ತಿಲ್ದೋರು ಏನೋ ಅಂತಾರೆ."

ಇದನ್ನು ಒಳಗಿಟ್ಟುಕೊಂಡು ಆ ಮುಖ ನೋಡಲು ಆಗಲಿಲ್ಲ.

"ಅಕ್ಕಾ, ಆ ಮಾತು ಮೊದಲು ಅಂದಿದ್ದು ನಾನೇ. ತಮಾಷೆಗೆ ಅಂದಿದ್ದು."

ಅವರ ಕೈ ನಿಂತಿತು. "ನೀವಾ?"

"ಸಿಟ್ಟಲ್ಲಿ ಬಾಯಿಗೆ ಬಂತು ಅಕ್ಕಾ. ಬರೀ ತಮಾಷೆ."

"ನೀವು ಓದಿದೋರು," ಎಂದರು ಮೆಲ್ಲಗೆ. "ಹನ್ನೆರಡನ್ನೂ ಬಿಚ್ಚಿ ಒಳಗೆ ನೋಡಿದೋರು."

"ಅಯ್ಯೋ ಅಕ್ಕಾ, ಪ್ರಿಂಟರಿಂದ ಆಗಿದ್ದು! ಈಗ ತಾನೇ ಹೇಳಿದ್ನಲ್ಲ!"

"ಹೇಳಿದ್ರಿ. ನಾನು ಬೇಜಾರು ಮಾಡ್ಕೋಬಾರ್ದು ಅಂತ ಹೇಳಿದ್ರಿ." ನಲ್ಲಿ ನಿಲ್ಲಿಸಿದರು. ತೊಳೆದ ಕೊಳವೆಗಳ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. "ಇದನ್ನ ನೀವೇ ಹಾಲಿಗೆ ತಗೊಂಡು ಹೋಗಿ ಕೊಡಿ. ನಾನು ಬರಲ್ಲ. ಅಲ್ಲಿ ಎಲ್ಲ ಚೆನ್ನಾಗಿ ನಡೀತಿದೆ."